ಶಾಲಾ ಕೊಠಡಿಗೆ ಪ್ರೊಜೆಕ್ಟರ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಶಾಲೆಗಳಿಂದ ಈ ಪ್ರಶ್ನೆಗಳು ಹೆಚ್ಚಾಗಿ ಎರಡು ಹೊತ್ತಿನಲ್ಲಿ ಬರುತ್ತವೆ. ಒಂದು, ಮಾರ್ಚ್ ಮುಗಿಯುವುದರೊಳಗೆ ಅನುದಾನ ಖರ್ಚು ಹಾಕಬೇಕಾದಾಗ. ಇನ್ನೊಂದು, ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡು "ಸಾಲಿಗೆ ಏನರ ಕೊಡ್ತೀವ್ರಿ ಸರ" ಅಂದಾಗ. ಎರಡೂ ಸಲ ಅವಸರವೇ. ಮಾರುವವರ ಕರಪತ್ರಗಳೆಲ್ಲ ಎಸಿ ಹಾಕಿ ಪರದೆ ಎಳೆದ ಮೀಟಿಂಗ್ ಹಾಲ್‌ಗೆ ಬರೆದವು. ನಮ್ಮ ಕೊಠಡಿಗಳಲ್ಲಿ ಕಿಟಕಿ ತೆರೆದಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ಧೂಳು ಒಳಗೆ ಬರುತ್ತಲೇ ಇರುತ್ತದೆ. ಇಲ್ಲಿನ ಉತ್ತರಗಳು ಅಂಥ ಕೊಠಡಿಗೆ.

ಮೊದಲು ಏನು ನೋಡಬೇಕು, ಕಂಪನಿಯೋ ಬೆಲೆಯೋ?

ಎರಡೂ ಅಲ್ಲ, ಕೊಠಡಿ. ಟೇಪು ಹಿಡಿದು ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಕಿಟಕಿ ಯಾವ ದಿಕ್ಕಿಗಿದೆ, ಫ್ಯಾನ್ ಎಲ್ಲಿ ತೂಗಿದೆ, ಪ್ಲಗ್ ಎಲ್ಲಿದೆ, ಛಾವಣಿ ಆರ್‌ಸಿಸಿಯೋ ತಗಡೋ ಹಂಚೋ ನೋಡಿ. ಮಧ್ಯಾಹ್ನ ಹನ್ನೆರಡಕ್ಕೂ ಮೂರು ಗಂಟೆಗೂ ಚಿತ್ರ ಬೀಳಬೇಕಾದ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಇಷ್ಟು ಮಾಹಿತಿ ಕೈಯಲ್ಲಿದ್ದರೆ ಅಂಗಡಿಯವರ ಜೊತೆ ಮಾತು ಬೇರೆ ರೀತಿಯೇ ಆಗುತ್ತದೆ. ಇದಿಲ್ಲದೆ ಹೋದರೆ ಅವರ ಬಳಿ ಸ್ಟಾಕ್ ಇರುವುದೇ ನಿಮ್ಮ ಶಾಲೆಗೆ ಸರಿಹೊಂದುವ ಪ್ರೊಜೆಕ್ಟರ್ ಆಗಿಬಿಡುತ್ತದೆ.

ಎಷ್ಟು ಲ್ಯುಮೆನ್ ಬೇಕು?

ಲ್ಯುಮೆನ್ ಅಂದರೆ ಯಂತ್ರ ಹೊರಗೆ ಬಿಡುವ ಒಟ್ಟು ಬೆಳಕಿನ ಅಳತೆ. ಕಿಟಕಿ ಮುಚ್ಚಿ ಕತ್ತಲು ಮಾಡಬಹುದಾದ ಕೊಠಡಿಗೆ 2,500 ಲ್ಯುಮೆನ್ ಕೂಡ ನಡೆಯುತ್ತದೆ. ಆದರೆ ಫೆಬ್ರವರಿ ಕಳೆದ ಮೇಲೆ ವಿಜಯಪುರದಲ್ಲಿ ಕಿಟಕಿ ಮುಚ್ಚಿ ಪಾಠ ಮಾಡಿ ನೋಡಿ. ಇಂಡಿ ಕಡೆಯ ಮುಖ್ಯೋಪಾಧ್ಯಾಯರೊಬ್ಬರು ಹೇಳಿದ್ದು: "ಕಿಡಕಿಗೆ ಕೌದಿ ಕಟ್ಟಿ ತೋರ್ಸಿದ್ವಿರಿ. ಚಿತ್ರ ಚಂದ ಬಂತು, ಹುಡುಗ್ರು ಬೆಂದು ಹೋದ್ವು." ಅರವತ್ತು ಮಕ್ಕಳು ಕೂತ ಕೊಠಡಿಗೆ ಗಾಳಿ ಬೇಕೇ ಬೇಕು. ಗಾಳಿ ಬೇಕೆಂದರೆ ಬೆಳಕೂ ಬರುತ್ತದೆ. ಆ ಬೆಳಕನ್ನು ಮೀರಿಸುವಷ್ಟು ಪ್ರಖರತೆ ಯಂತ್ರದಲ್ಲಿ ಇರಬೇಕು. ನಮ್ಮ ಭಾಗದಲ್ಲಿ ಹೆಚ್ಚು ಲ್ಯುಮೆನ್ ಶೋಕಿ ಅಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಲ್ಯುಮೆನ್ ಅನ್ನು ಚಿತ್ರದ ಚದರ ಮೀಟರಿನಿಂದ ಭಾಗಿಸಿದರೆ ಲಕ್ಸ್, ಅಂದರೆ ಗೋಡೆಯ ಮೇಲೆ ಬೀಳುವ ಬೆಳಕು ಎಷ್ಟು ದಟ್ಟ ಎಂಬುದು, ಸಿಗುತ್ತದೆ. 16:10 ಅಳತೆಯ (ಅಗಲ 16 ಪಾಲು, ಎತ್ತರ 10 ಪಾಲು), ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರ ಸುಮಾರು 2.9 ಚದರ ಮೀಟರ್. ಅದರ ಮೇಲೆ 3,300 ಲ್ಯುಮೆನ್ ಬಿದ್ದರೆ ಸುಮಾರು 1,130 ಲಕ್ಸ್. ಅದೇ ಯಂತ್ರದಿಂದ 120 ಇಂಚಿಗೆ ಹಿಗ್ಗಿಸಿದರೆ 800ಕ್ಕೂ ಕಡಿಮೆ, 80 ಇಂಚಿಗೆ ಕುಗ್ಗಿಸಿದರೆ 1,750ರ ಮೇಲೆ. ಇನ್ನು ಮೊಬೈಲಿನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡು, ಕಿಟಕಿ ತೆರೆದೇ ಇಟ್ಟು, ಚಿತ್ರ ಬೀಳುವ ಜಾಗದಲ್ಲಿ ಫೋನಿನ ಬೆನ್ನನ್ನು ಗೋಡೆಗೆ ಒತ್ತಿ ಹಿಡಿಯಿರಿ. ಫೋನಿನ ಅಳತೆ ಕರಾರುವಾಕ್ಕಲ್ಲ, ಅಂದಾಜಿಗೆ ಸಾಕು. ಗೋಡೆಯ ಮೇಲೆ 150 ಲಕ್ಸ್ ಇದ್ದರೆ ಚಿತ್ರದ ಬೆಳಕು ಅದರ ಏಳು ಪಟ್ಟಾದರೂ ಇರಲಿ. ಅದಕ್ಕಿಂತ ಕಡಿಮೆಯಾದರೆ ವಿಡಿಯೊ ಹೇಗೋ ಕಾಣುತ್ತದೆ, ಅಕ್ಷರ ಓದಲು ಹಿಂದಿನ ಬೆಂಚಿನವರು ಕಣ್ಣು ಕಿರಿದು ಮಾಡುತ್ತಾರೆ.

20 ಅಡಿಗೆ 20 ಅಡಿಯ ಸಾಮಾನ್ಯ ಕೊಠಡಿಗೆ ನಾನು ಹೇಳುವುದು 3,300ಕ್ಕಿಂತ ಕಡಿಮೆ ಬೇಡ, 4,000 ಸಿಕ್ಕರೆ ಬಿಡಬೇಡಿ ಎಂದು. ಗೋಡೆಯ ಮೇಲೆ 400 ಲಕ್ಸ್ ಬೀಳುವ ಕೊಠಡಿಯಾದರೆ ಯಾವ ಸಾಧಾರಣ ಪ್ರೊಜೆಕ್ಟರೂ ಗೆಲ್ಲುವುದಿಲ್ಲ. ಮೊದಲು ಚಿತ್ರದ ಗೋಡೆಯನ್ನೇ ಬದಲಿಸಿ. ಕಿಟಕಿಯ ಎದುರಿನ ಗೋಡೆ ಬಿಟ್ಟು ಕಿಟಕಿ ಸಾಲಿನ ಪಕ್ಕದ ಗೋಡೆ ಹಿಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಗೋಡೆಗೆ ಹತ್ತಿರದ ಒಂದೇ ಕಿಟಕಿಗೆ ದಪ್ಪ ಬಟ್ಟೆ ಹಾಕಿ ಉಳಿದವನ್ನು ತೆರೆದಿಟ್ಟರೂ ಬಹಳ ವ್ಯತ್ಯಾಸ ಕಾಣುತ್ತದೆ.

ಆನ್‌ಲೈನ್‌ನಲ್ಲಿ ಐದಾರು ಸಾವಿರಕ್ಕೆ 9,000 ಲ್ಯುಮೆನ್‌ನದು ಸಿಗುತ್ತದಲ್ಲ?

ಆ ಸಂಖ್ಯೆಗೆ ಅರ್ಥವಿಲ್ಲ. ಪೆಟ್ಟಿಗೆಯ ಮೇಲೆ 'ಆನ್ಸಿ ಲ್ಯುಮೆನ್' ಅಥವಾ 'ಐಎಸ್‌ಒ ಲ್ಯುಮೆನ್' ಎಂದು ಬರೆದಿದೆಯೇ ನೋಡಿ. ಅವೆರಡೂ ಪರದೆಯ ಮೇಲೆ ನಿಜವಾಗಿ ಬಿದ್ದ ಬೆಳಕನ್ನು ಗೊತ್ತಾದ ವಿಧಾನದಲ್ಲಿ ಅಳೆದವು. ಬರೀ 'ಲ್ಯುಮೆನ್' ಎಂದೋ 'ಎಲ್‌ಇಡಿ ಲ್ಯುಮೆನ್' ಎಂದೋ ಇದ್ದರೆ ಮಾರುವವರು ಬರೆದದ್ದೇ ಲೆಕ್ಕ. ಇಂಥ ಪುಟ್ಟ ಯಂತ್ರಗಳ ನಿಜವಾದ ಬೆಳಕು ಸಾಮಾನ್ಯವಾಗಿ ನೂರರ ಲೆಕ್ಕದಲ್ಲಿರುತ್ತದೆ. ರಾತ್ರಿ ಮನೆಯಲ್ಲಿ ಕ್ರಿಕೆಟ್ ನೋಡಲು ಅಡ್ಡಿಯಿಲ್ಲ. ಹಗಲು ಶಾಲೆಯಲ್ಲಿ ಗೋಡೆಯ ಮೇಲೆ ನೆರಳಾಡಿದಂತೆ ಕಾಣುತ್ತದೆ ಅಷ್ಟೇ. ದಾನಿಗಳು ಪ್ರೀತಿಯಿಂದ ಇದನ್ನೇ ತಂದುಕೊಟ್ಟ ಶಾಲೆಗಳಿವೆ. ಬೇಡ ಅನ್ನುವುದೂ ಕಷ್ಟ. ಹಾಗಾಗಿ ದಾನಿಗಳ ಕೈಗೆ ಮೊದಲೇ ಚೀಟಿ ಕೊಡಿ: ಇಷ್ಟು ಆನ್ಸಿ ಲ್ಯುಮೆನ್, ಇಷ್ಟು ರೆಸಲ್ಯೂಶನ್, ಇಂಥ ವಾರಂಟಿ.

ಚಿತ್ರ ಎಷ್ಟು ದೊಡ್ಡದಿರಬೇಕು?

ಕಟ್ಟಕಡೆಯ ಬೆಂಚಿನ ದೂರವನ್ನು ಆರರಿಂದ ಭಾಗಿಸಿ. ಬಂದ ಉತ್ತರ ಚಿತ್ರದ ಎತ್ತರ. 26 ಅಡಿ ದೂರದ ಬೆಂಚಿಗೆ 4.3 ಅಡಿ ಎತ್ತರ ಬೇಕು, ಅಂದರೆ 16:10 ಅಳತೆಯಲ್ಲಿ ಸುಮಾರು 100 ಇಂಚು, ಅಗಲ ಸುಮಾರು 7 ಅಡಿ. 21 ಅಡಿಯ ಕೊಠಡಿಗೆ 80 ಇಂಚು ಸಾಕು. ಕೊಠಡಿ ಚಿಕ್ಕದಿದ್ದರೂ "ದೊಡ್ಡದು ಕಾಣಲಿ" ಎಂದು ಗೋಡೆ ತುಂಬ ಹಿಗ್ಗಿಸುವವರಿದ್ದಾರೆ. ಚಿತ್ರದ ಕರ್ಣ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.

ಇನ್ನೊಂದು ಮಾತು: ಚಿತ್ರದ ಕೆಳ ಅಂಚು ನೆಲದಿಂದ ನಾಲ್ಕು ಅಡಿಯಾದರೂ ಮೇಲಿರಲಿ. ಮುಂದೆ ಕೂತವರ ತಲೆ ಹಿಂದಿನವರಿಗೆ ಅಡ್ಡ ಬರುತ್ತದೆ. ಪಾಠಕ್ಕೆ ಬೇಕಾದ ಮುಖ್ಯ ಸಾಲು ಯಾವಾಗಲೂ ಕೆಳಗಿನದೇ ಆಗಿರುತ್ತದೆ!

ರೆಸಲ್ಯೂಶನ್ ಯಾವುದು ಸಾಕು?

ರೆಸಲ್ಯೂಶನ್ ಅಂದರೆ ಚಿತ್ರದಲ್ಲಿ ಅಡ್ಡಕ್ಕೆಷ್ಟು, ಎತ್ತರಕ್ಕೆಷ್ಟು ಚುಕ್ಕೆ ಎಂಬ ಲೆಕ್ಕ. 800×600 ಬೇಡವೇ ಬೇಡ. ಉಚಿತವಾಗಿ ಕೊಟ್ಟರೂ ಯೋಚಿಸಿ. ಕನ್ನಡಕ್ಕೆ ಒತ್ತಕ್ಷರ ಇದೆ, ಅದು ಮೂಲ ಅಕ್ಷರಕ್ಕಿಂತ ಚಿಕ್ಕದು. ಪಠ್ಯಪುಸ್ತಕದ ಪಿಡಿಎಫ್ ತೆರೆದು 'ದ್ಯುತಿಸಂಶ್ಲೇಷಣೆ' ಎಂಬ ಪದವಿರುವ ಪುಟ ಹಾಕಿ, ಹಿಂದಿನ ಬೆಂಚಿನ ಹುಡುಗಿಯಿಂದ ಓದಿಸಿ. ಕಡಿಮೆ ರೆಸಲ್ಯೂಶನ್‌ನಲ್ಲಿ ದ್ಯ, ಶ್ಲ ಎರಡೂ ಕಲೆಯಂತೆ ಕಾಣುತ್ತವೆ. 1024×768 ಇದ್ದರೆ ದೊಡ್ಡ ಅಕ್ಷರದ ಸ್ಲೈಡಿಗೆ ಸಾಕು. 1280×800 ಇದ್ದರೆ ಪಠ್ಯಪುಸ್ತಕದ ಅರ್ಧ ಪುಟ ಒಮ್ಮೆಗೆ ಓದಬಹುದು. 1920×1080 ಈಗ ಕೈಗೆಟುಕುವ ಬೆಲೆಯಲ್ಲೇ ಸಿಗುತ್ತದೆ. ದುಡ್ಡು ಇದ್ದರೆ ಅದನ್ನೇ ತಗೊಳ್ಳಿ, ಆದರೆ ಅದಕ್ಕಾಗಿ ಲ್ಯುಮೆನ್ ಕಡಿಮೆ ಮಾಡಿಕೊಳ್ಳಬೇಡಿ. ಉರ್ದು ಮಾಧ್ಯಮ ಶಾಲೆಯಾದರೆ 1920×1080ಕ್ಕೇ ಹೋಗಿ. ನಸ್ತಾಲಿಕ್ ಲಿಪಿಯ ಚುಕ್ಕೆಗಳು ಕಡಿಮೆ ರೆಸಲ್ಯೂಶನ್‌ನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಬಾಕ್ಸಿನ ಮೇಲೆ '1080ಪಿ ಸಪೋರ್ಟ್' ಎಂದಿದ್ದರೆ ಅದು ಒಳಗೆ ತೆಗೆದುಕೊಳ್ಳುವ ಸಿಗ್ನಲ್ ಮಾತ್ರ. 'ನೇಟಿವ್ ರೆಸಲ್ಯೂಶನ್', ಅಂದರೆ ಯಂತ್ರ ನಿಜವಾಗಿ ತೋರಿಸುವ ಚುಕ್ಕೆ, ಎಷ್ಟು ಎಂದು ಕೇಳಿ.

ಶಾರ್ಟ್ ಥ್ರೋ ಅಂದರೇನು? ಬೇಕಾ?

ಚಿತ್ರದ ಅಗಲದ ಎಷ್ಟು ಪಟ್ಟು ದೂರದಲ್ಲಿ ಯಂತ್ರ ಇಡಬೇಕು ಎನ್ನುವುದೇ ಥ್ರೋ ರೇಶಿಯೊ. ರೇಶಿಯೊ 1.5 ಇದ್ದು ಅಗಲ 7 ಅಡಿ ಇದ್ದರೆ ಹತ್ತೂವರೆ ಅಡಿ ದೂರ. ಇದು ಸಾಮಾನ್ಯ ಪ್ರೊಜೆಕ್ಟರ್. ಶಾರ್ಟ್ ಥ್ರೋದಲ್ಲಿ 0.5 ಇದ್ದರೆ ಮೂರೂವರೆ ಅಡಿ. ಅಲ್ಟ್ರಾ ಶಾರ್ಟ್ ಥ್ರೋ ಆದರೆ ಗೋಡೆಗೇ ಅಂಟಿಕೊಂಡಂತೆ ಇರುತ್ತದೆ.

ಶಾರ್ಟ್ ಥ್ರೋದ ಲಾಭ ದೊಡ್ಡದು. ಶಿಕ್ಷಕರ ನೆರಳು ಚಿತ್ರದ ಮೇಲೆ ಬೀಳುವುದಿಲ್ಲ, ಅವರ ಕಣ್ಣಿಗೆ ಬೆಳಕು ಹೊಡೆಯುವುದಿಲ್ಲ, ಫ್ಯಾನಿನ ತಕರಾರು ಇಲ್ಲ, ಕೇಬಲ್ ಉದ್ದವೂ ಕಡಿಮೆ. ಬೆಲೆ ಹೆಚ್ಚು. ಅಲ್ಟ್ರಾ ಶಾರ್ಟ್ ಥ್ರೋಗೆ ಇನ್ನೊಂದು ಷರತ್ತಿದೆ: ಗೋಡೆ ಸಪಾಟಾಗಿರಬೇಕು. ಬೆಳಕು ಓರೆಯಾಗಿ ಬೀಳುವುದರಿಂದ ಗಿಲಾಯಿಯ ಸಣ್ಣ ಉಬ್ಬೂ ಚಿತ್ರದಲ್ಲಿ ಅಲೆಯಾಗಿ ಕಾಣುತ್ತದೆ. ಹಳೆಯ ಕಲ್ಲುಗೋಡೆಯ ಶಾಲೆಯಲ್ಲಿ ಗಟ್ಟಿ ಬೋರ್ಡ್ ಹಾಕಿಸದೆ ಅದನ್ನು ತರಬೇಡಿ.

ಫ್ಯಾನ್ ಅಡ್ಡ ಬರುತ್ತದೆ, ಏನು ಮಾಡುವುದು?

ಕೂರಿಸುವ ಮುಂಚೆಯೇ ದಾರ ಕಟ್ಟಿ ನೋಡಿ. ಲೆನ್ಸ್ ಬರುವ ಜಾಗದಲ್ಲಿ ಒಬ್ಬರು ಸ್ಟೂಲ್ ಹತ್ತಿ ನಾಲ್ಕು ದಾರ ಹಿಡಿಯಲಿ, ಅವುಗಳ ಇನ್ನೊಂದು ತುದಿಯನ್ನು ಚಿತ್ರದ ನಾಲ್ಕು ಮೂಲೆಗೆ ಟೇಪಿನಿಂದ ಅಂಟಿಸಿ. ಫ್ಯಾನನ್ನು ಕೈಯಿಂದ ನಿಧಾನ ತಿರುಗಿಸಿ. ರೆಕ್ಕೆ ಮೇಲಿನ ದಾರಗಳಿಗೆ ತಾಕಿದರೆ ಚಿತ್ರದ ಮೇಲೆ ಅದರ ನೆರಳು ಪಟಪಟ ಹೊಡೆಯುತ್ತದೆ. ಆಗ ಸ್ಟ್ಯಾಂಡಿನ ಪೈಪು ಇನ್ನಷ್ಟು ಕೆಳಗೆ ಇಳಿಸಬೇಕು, ಇಲ್ಲವೇ ಯಂತ್ರವನ್ನು ಫ್ಯಾನಿಗಿಂತ ಮುಂದೆ ತರಬೇಕು. ಫ್ಯಾನ್ ಸರಿಸುವುದು ಕೊನೆಯ ದಾರಿ, ಯಾಕೆಂದರೆ ಆ ಫ್ಯಾನಿನ ಕೆಳಗೆ ಹತ್ತು ಮಕ್ಕಳಿರುತ್ತಾರೆ.

ಫ್ಯಾನಿನ ಕೊಂಡಿಗೆ ತೀರ ಹತ್ತಿರ ಸ್ಟ್ಯಾಂಡ್ ಹೊಡೆದರೆ ಚಿತ್ರ ನಡುಗುತ್ತದೆ. ಬಾದಾಮಿ, ಗುಳೇದಗುಡ್ಡ ಕಡೆ ಕಲ್ಲು ಚಪ್ಪಡಿ ಹೊದಿಸಿದ ಹಳೆಯ ಕೊಠಡಿಗಳಿದ್ದರೆ ಚಪ್ಪಡಿಗೆ ಡ್ರಿಲ್ ಮಾಡಿಸಬೇಡಿ. ತೊಲೆಗೋ ಗರ್ಡರಿಗೋ ಕ್ಲ್ಯಾಂಪ್ ಹಾಕಿಸಿ, ಅಥವಾ ಹಿಂದಿನ ಗೋಡೆಗೆ ಬ್ರಾಕೆಟ್ ಹೊಡೆಸಿ. ತಗಡಿನ ಛಾವಣಿಗೆ ನೇರವಾಗಿ ತೂಗುಹಾಕುವುದು ಎರಡು ಕಾರಣಕ್ಕೆ ತಪ್ಪು: ಗಾಳಿಗೆ ಅಲುಗುತ್ತದೆ, ಬಿಸಿಲಿಗೆ ಸುಡುತ್ತದೆ.

ಚಿತ್ರ ಓರೆಯಾದರೆ ರಿಮೋಟಿನ 'ಕೀಸ್ಟೋನ್' ಒತ್ತಿ ನೇರ ಮಾಡುವ ಅಭ್ಯಾಸ ಎಲ್ಲರಿಗೂ ಇದೆ. ಅದು ಚಿತ್ರವನ್ನು ಕತ್ತರಿಸಿ ನೇರ ಮಾಡುತ್ತದೆ, ಅಕ್ಷರದ ಸ್ಪಷ್ಟತೆ ಹೋಗುತ್ತದೆ. ಸ್ಟ್ಯಾಂಡ್ ನೇರವಾಗಿ ಕೂರಿಸಿದರೆ ಕೀಸ್ಟೋನ್ ಬೇಕಾಗುವುದೇ ಇಲ್ಲ.

ನಮ್ಮ ಕಡೆ ಧೂಳು ಜಾಸ್ತಿ. ಡಿಎಲ್‌ಪಿ ಒಳ್ಳೆಯದೋ, ಎಲ್‌ಸಿಡಿಯೋ?

ಈ ಪ್ರಶ್ನೆಗೆ ಸುಲಭ ಉತ್ತರವಿಲ್ಲ. ಎರಡೂ ಯಂತ್ರದೊಳಗೆ ಚಿತ್ರ ಮೂಡಿಸುವ ಬೇರೆ ಬೇರೆ ವಿಧಾನಗಳು. ಡಿಎಲ್‌ಪಿಯಲ್ಲಿ ಸೂಕ್ಷ್ಮ ಕನ್ನಡಿಗಳಿರುವ ಒಂದು ಚಿಪ್ ಕೆಲಸ ಮಾಡುತ್ತದೆ. ಹಲವು ಮಾದರಿಗಳಲ್ಲಿ ಆ ಭಾಗ ಮುಚ್ಚಿಕೊಂಡಿರುವುದರಿಂದ ಧೂಳು ಒಳಗೆ ಹೋಗುವುದು ಕಡಿಮೆ. ಎಪ್ಸನ್ ಮುಂತಾದ ಕಂಪನಿಗಳ ಎಲ್‌ಸಿಡಿ ಯಂತ್ರಗಳಲ್ಲಿ, ಅಂದರೆ 3ಎಲ್‌ಸಿಡಿಯಲ್ಲಿ, ಮೂರು ಪ್ಯಾನೆಲ್‌ಗಳ ಮೇಲೆ ಫ್ಯಾನಿನ ಗಾಳಿ ಹಾಯುತ್ತದೆ, ಅದಕ್ಕೆ ಫಿಲ್ಟರ್ ಇರುತ್ತದೆ. ಫಿಲ್ಟರ್ ಸ್ವಚ್ಛ ಮಾಡದಿದ್ದರೆ ಚಿತ್ರದಲ್ಲಿ ಮಸುಕು ಚುಕ್ಕೆಗಳು ಕಾಣುತ್ತವೆ, ಬಿಸಿಗೆ ಪ್ಯಾನೆಲ್ ಹಳದಿಯಾಗುತ್ತದೆ. ಇಷ್ಟು ಕೇಳಿದರೆ ಡಿಎಲ್‌ಪಿಯೇ ಗೆದ್ದಂತೆ. ಆದರೆ ಕಡಿಮೆ ಬೆಲೆಯ ಒಂದೇ ಚಿಪ್ಪಿನ ಡಿಎಲ್‌ಪಿಯಲ್ಲಿ ಬಿಳಿ ಬಣ್ಣ ಪ್ರಖರವಾಗಿದ್ದು ಉಳಿದ ಬಣ್ಣಗಳು ಮಂಕಾಗಿ ಬರುತ್ತವೆ. ಬೆಳಕಿರುವ ಕೊಠಡಿಯಲ್ಲಿ ಭಾರತದ ಮಣ್ಣಿನ ನಕ್ಷೆ ಹಾಕಿದರೆ ಕೆಂಪು ಮಣ್ಣು, ಕಪ್ಪು ಮಣ್ಣು ಎರಡೂ ಕಂದೇ. 3ಎಲ್‌ಸಿಡಿಯಲ್ಲಿ ಬಣ್ಣದ ಬೆಳಕೂ ಬಿಳಿಯಷ್ಟೇ ಇರುತ್ತದೆ.

ನನ್ನ ತೀರ್ಮಾನ ಹೀಗಿದೆ: ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ಬ್ರಷ್ ಹೊಡೆಯುವ ಶಿಕ್ಷಕರೊಬ್ಬರು ಶಾಲೆಯಲ್ಲಿದ್ದಾರೆ ಎಂದು ಖಾತ್ರಿಯಿದ್ದರೆ 3ಎಲ್‌ಸಿಡಿ. ಇಲ್ಲದಿದ್ದರೆ ಡಿಎಲ್‌ಪಿ. ಜೋಳದ ರಾಶಿಯ ದಿನಗಳಲ್ಲಿ, ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬು ನುರಿಸುವ ತಿಂಗಳುಗಳಲ್ಲಿ, ಇಳಕಲ್‌ನ ಕಲ್ಲು ಕ್ವಾರಿಗಳ ಹತ್ತಿರ ಹದಿನೈದು ದಿನಕ್ಕೊಮ್ಮೆ ನೋಡಬೇಕು. ಫಿಲ್ಟರನ್ನು ನೀರಲ್ಲಿ ತೊಳೆಯಬಹುದೇ ಎಂಬುದು ಮಾದರಿಯ ಮೇಲೆ ಹೋಗುತ್ತದೆ. ಕಾಗದದಂಥದ್ದಾದರೆ ಬ್ರಷ್ ಮಾತ್ರ. ಒದ್ದೆ ಫಿಲ್ಟರ್ ಹಾಕಿ ಚಾಲೂ ಮಾಡಬೇಡಿ. ಲೆನ್ಸನ್ನು ಧೋತರದ ಚುಂಗಿನಿಂದಲೋ ಸೆರಗಿನಿಂದಲೋ ಒರೆಸಬೇಡಿ. ಕನ್ನಡಕದ ಬಟ್ಟೆ ಸಾಕು.

ಮತ್ತೆ, ಹೊರಗಿನ ಧೂಳನ್ನು ಬೈಯುವ ಮುಂಚೆ ಒಳಗೆ ನೋಡಿ. ಸೀಮೆಸುಣ್ಣದ ಪುಡಿ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಡಸ್ಟರನ್ನು ಪ್ರೊಜೆಕ್ಟರ್ ಕೆಳಗೆ ಬಡಿಯುವುದು ನಿಲ್ಲಲಿ.

ಲ್ಯಾಂಪ್‌ನದು ತಗೊಳ್ಳುವುದೋ, ಲೇಸರೋ?

ಲೇಸರ್‌ಗೆ 20,000 ಗಂಟೆ ಆಯುಷ್ಯ ಎಂದು ಮಾರುವವರು ಮೊದಲು ಹೇಳುವುದು. ಶಾಲೆಯ ಲೆಕ್ಕ ಹಾಕಿ ನೋಡೋಣ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನ ಎನ್ನುತ್ತದೆ. ದಿನಕ್ಕೆ 40 ನಿಮಿಷದ ಎರಡು ಪಿರಿಯಡ್ ಓಡಿಸಿದರೆ ವರ್ಷಕ್ಕೆ 300 ಗಂಟೆಯೂ ಆಗುವುದಿಲ್ಲ. 5,000 ಗಂಟೆಯ ಲ್ಯಾಂಪೇ ಹದಿನಾರು ವರ್ಷದ ಮೇಲಾಯಿತು! ಅಷ್ಟರಲ್ಲಿ ಯಂತ್ರದ ಬೇರೆ ಭಾಗ ಕೆಟ್ಟಿರುತ್ತದೆ. ಅದೇ ಸ್ಮಾರ್ಟ್ ಕ್ಲಾಸ್ ಎಂದು ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ ವರ್ಷಕ್ಕೆ 880 ಗಂಟೆ, ಲ್ಯಾಂಪು ಐದು ವರ್ಷ ದಾಟುತ್ತದೆ. ಹೇಳುವ ಆಯುಷ್ಯ ಬೆಳಕು ಅರ್ಧಕ್ಕೆ ಇಳಿಯುವವರೆಗಿನದು ಎಂಬುದು ನೆನಪಿರಲಿ. ಆದ್ದರಿಂದಲೂ ಮೊದಲೇ ಹೆಚ್ಚು ಲ್ಯುಮೆನ್ ತಗೊಳ್ಳಬೇಕು.

ಲೇಸರ್‌ನ ನಿಜವಾದ ಲಾಭ ಬೇರೆ ಕಡೆ ಇದೆ. ಕರೆಂಟ್ ಹೋಗಿ ಬಂದರೆ ತಕ್ಷಣ ಹೊತ್ತಿಕೊಳ್ಳುತ್ತದೆ. ಲ್ಯಾಂಪು ಬಿಸಿಯಿದ್ದಾಗ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹೊತ್ತುವುದಿಲ್ಲ. ಆ ಐದು ನಿಮಿಷದಲ್ಲಿ ತರಗತಿ ಸಂತೆಯಾಗಿರುತ್ತದೆ. ಕರೆಂಟ್ ಪದೇ ಪದೇ ಹೋಗುವ ಊರಿನಲ್ಲಿ, ದಿನವಿಡೀ ಬಳಸುವ ಶಾಲೆಯಲ್ಲಿ ಲೇಸರ್‌ಗೆ ಕೊಡುವ ಹೆಚ್ಚಿನ ದುಡ್ಡು ವಸೂಲಾಗುತ್ತದೆ. ವಾರಕ್ಕೆರಡು ಸಲ ಬಳಸುವ ಶಾಲೆಗೆ ಲ್ಯಾಂಪೇ ಸಾಕು, ಉಳಿದ ಹಣದಲ್ಲಿ ಯುಪಿಎಸ್ ಬರುತ್ತದೆ.

ಬೇಸಿಗೆಯಲ್ಲಿ ತಾನಾಗಿ ಬಂದ್ ಆಗುತ್ತದೆ. ಕೆಟ್ಟಿದೆಯಾ?

ಬಹುತೇಕ ಇಲ್ಲ. ಬಹಳಷ್ಟು ಪ್ರೊಜೆಕ್ಟರ್‌ಗಳು ಸುತ್ತಲಿನ ಗಾಳಿ 35ರಿಂದ 40 ಡಿಗ್ರಿಯವರೆಗೆ ಇರುವಾಗ ಕೆಲಸ ಮಾಡಲೆಂದು ಮಾಡಿದವು. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ನೆರಳಿನಲ್ಲೇ 40 ಮುಟ್ಟುತ್ತದೆ, ಛಾವಣಿಗೆ ಹತ್ತಿರ ಇನ್ನೂ ಹೆಚ್ಚು. ತನ್ನನ್ನು ಉಳಿಸಿಕೊಳ್ಳಲು ಯಂತ್ರ ಬಂದ್ ಆಗುತ್ತದೆ. ಮೊದಲು ಫಿಲ್ಟರ್ ನೋಡಿ, ಆಮೇಲೆ ಬೆಳಕು ತಗ್ಗಿಸುವ ಇಕೊ ಮೋಡ್ ಹಾಕಿ, ಕಳ್ಳರ ಭಯಕ್ಕೆ ಹಾಕಿಸಿದ ಕಬ್ಬಿಣದ ಪಂಜರ ಗಾಳಿಯ ಕಿಂಡಿಗೆ ಅಡ್ಡ ಬಂದಿದೆಯೇ ಪರೀಕ್ಷಿಸಿ. ಖರೀದಿ ಮಾಡುವಾಗಲೇ 40 ಡಿಗ್ರಿ ಎಂದಿರುವ ಮಾದರಿಯನ್ನೇ ಆರಿಸಿ. ಸೆಟ್ಟಿಂಗ್‌ನಲ್ಲಿ 'ಹೈ ಆಲ್ಟಿಟ್ಯೂಡ್' ಎಂದಿರುವುದನ್ನು ಬೆಳಗಾವಿಯವರು ಕೆಲವರು ಹಾಕಿಕೊಳ್ಳುತ್ತಾರೆ. ಅದು 1,500 ಮೀಟರಿನ ಆಸುಪಾಸಿನ ಎತ್ತರದ ಊರಿಗೆ. ಬೆಳಗಾವಿ ಅದರ ಅರ್ಧದಷ್ಟಿದೆ. ಫ್ಯಾನಿನ ಸದ್ದು ಹೆಚ್ಚುತ್ತದೆ ಅಷ್ಟೇ.

ಸ್ಟೆಬಿಲೈಜರ್ ಬೇಕಾ? ಯುಪಿಎಸ್ ಎಷ್ಟರದು?

ಈಗಿನ ಪ್ರೊಜೆಕ್ಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ಯಾವುದಕ್ಕೂ ನಡೆಯುತ್ತವೆ. ಪಂಪ್‌ಸೆಟ್ ಚಾಲೂ ಆಗಿ ವೋಲ್ಟೇಜ್ ಬಿದ್ದರೆ ಟ್ಯೂಬ್‌ಲೈಟ್ ಮಿಣುಕಬಹುದು, ಪ್ರೊಜೆಕ್ಟರ್ ತಡೆದುಕೊಳ್ಳುತ್ತದೆ. ಸ್ಟೆಬಿಲೈಜರಿಗೆ ಹಣ ಹಾಕಬೇಡಿ. ಅಪಾಯ ಇರುವುದು ಹೆಚ್ಚು ವೋಲ್ಟೇಜಿನಲ್ಲಿ: ಸಿಡಿಲು, ನ್ಯೂಟ್ರಲ್ ತಂತಿ ಕಡಿಯುವುದು. ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಸಂಜೆ ಹೋಗುವಾಗ ಪ್ಲಗ್ ಕಿತ್ತಿಡಿ, ಅದರಲ್ಲೂ ಮುಂಗಾರು ಮುಂಚಿನ ಗುಡುಗಿನ ದಿನಗಳಲ್ಲಿ.

ಲ್ಯಾಂಪಿನ ಯಂತ್ರ ಸುಮಾರು 300 ವಾಟ್, ಲ್ಯಾಪ್‌ಟಾಪ್ 60. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟಿನದು, ಅಲ್ಲಿಗೆ ತುದಿಗೆ ಬಂತು. 1 ಕೆವಿಎ ತಗೊಳ್ಳಿ. ಕೆಲವು ನಿಮಿಷ ಸಿಗುತ್ತದೆ, ಅಷ್ಟರಲ್ಲಿ ಸರಿಯಾಗಿ ಬಂದ್ ಮಾಡಬಹುದು. ಪಾಠ ಮುಂದುವರಿಯಬೇಕೆಂದರೆ ಸೈನ್ ವೇವ್ ಇನ್ವರ್ಟರ್ ಮತ್ತು 150 ಎಎಚ್ ಬ್ಯಾಟರಿ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಎರಡು ಫ್ಯಾನ್ ಸೇರಿ ಬ್ಯಾಟರಿ ಹೊಸದಿದ್ದಾಗ ಎರಡು–ಎರಡೂವರೆ ಗಂಟೆ ಎಳೆಯುತ್ತದೆ.

ಕೇಬಲ್ ಮುಟ್ಟಿದರೆ ಜುಮ್ ಎನ್ನುತ್ತದೆ.

ಅರ್ಥಿಂಗ್ ಇಲ್ಲ, ಇಲ್ಲವೇ ಸತ್ತಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲ್ಯಾಪ್‌ಟಾಪಿನಿಂದ ಚಿತ್ರ ತರುವ ಎಚ್‌ಡಿಎಂಐ ಕೇಬಲ್ ಸಿಕ್ಕಿಸುವ ಪೋರ್ಟ್ ಸುಡುವುದೂ ಇದರಿಂದಲೇ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುತ್ತದೆ, ಅರ್ಥಿಂಗ್ ಗುಂಡಿಯ ಸುತ್ತಲಿನ ಮಣ್ಣು ಒಣಗಿ ಕಂಬಿಯಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ಸರಿಯಿದ್ದದ್ದು ಮಾರ್ಚ್‌ನಲ್ಲಿ ಕೈಕೊಡುವುದು ಹೀಗೆ. ವಾರಕ್ಕೆರಡು ಬಕೆಟ್ ನೀರು ಗುಂಡಿಗೆ ಹಾಕಿ, ಮತ್ತು ಪ್ಲಗ್ಗಿನ ಮೂರನೇ ಪಿನ್ನಿಗೆ ನಿಜವಾಗಿ ತಂತಿ ಬಂದಿದೆಯೇ ಎಂದು ವೈರ್‌ಮನ್ ಕಡೆಯಿಂದ ಪರೀಕ್ಷೆ ಮಾಡಿಸಿ. ಪಿನ್ ಇದ್ದು ತಂತಿಯೇ ಇಲ್ಲದ ಬೋರ್ಡ್‌ಗಳು ಬೇಕಾದಷ್ಟಿವೆ.

ಗೋಡೆಗೇ ಬಿಟ್ಟರೆ ನಡೆಯುತ್ತದಾ, ಸ್ಕ್ರೀನ್ ಬೇಕಾ?

ನಡೆಯುತ್ತದೆ. ನಯವಾಗಿ ಪುಟ್ಟಿ ಹಾಕಿ ಹೊಳಪಿಲ್ಲದ ಬಿಳಿ ಎಮಲ್ಷನ್ ಹೊಡೆಸಿದ ಗೋಡೆ, ಗಾಳಿಗೆ ಅಲುಗುವ ಅಗ್ಗದ ಸ್ಕ್ರೀನಿಗಿಂತ ಮೇಲು. ಸುತ್ತ ನಾಲ್ಕು ಬೆರಳಗಲ ಕಪ್ಪು ಪಟ್ಟಿ ಎಳೆಸಿದರೆ ಚಿತ್ರ ಎದ್ದು ಕಾಣುತ್ತದೆ. ಹೊಳಪಿನ ವೈಟ್‌ಬೋರ್ಡಿನ ಮೇಲೆ ಬಿಡಬೇಡಿ, ನಡುವೆ ಬಲ್ಬಿನಂಥ ಚುಕ್ಕೆ ಕಣ್ಣಿಗೆ ಹೊಡೆಯುತ್ತದೆ. ಕರಿಹಲಗೆಯನ್ನು ಮುಚ್ಚುವಂತೆ ಸ್ಕ್ರೀನ್ ಹಾಕಬೇಡಿ. ಚಿತ್ರ ನೋಡುತ್ತ ಪಕ್ಕದಲ್ಲಿ ಬರೆಯಲು ಜಾಗ ಬೇಕು.

ಸೌಂಡ್?

ಒಳಗಿನ ಸ್ಪೀಕರ್ ಸಾಲುವುದಿಲ್ಲ. ಬೇರೆ ಸ್ಪೀಕರ್ ತನ್ನಿ, ಗೋಡೆಯ ಚಿತ್ರದ ಪಕ್ಕದಲ್ಲೇ ಇಡಿ.

ಲ್ಯಾಪ್‌ಟಾಪ್ ಇಲ್ಲ. ಮೊಬೈಲ್‌ನಿಂದ ಆಗುತ್ತದಾ?

ಕೇಬಲ್ ಹಾಕಿದರೆ ಎಲ್ಲ ಮೊಬೈಲೂ ಚಿತ್ರ ಕೊಡುವುದಿಲ್ಲ. ಟೈಪ್-ಸಿ ಪೋರ್ಟಿನಿಂದ ವಿಡಿಯೊ ಹೊರಬಿಡುವ ಸೌಲಭ್ಯ ಸಾಮಾನ್ಯವಾಗಿ ದುಬಾರಿ ಫೋನುಗಳಲ್ಲಿ ಮಾತ್ರ. ಮೊಬೈಲಿನ ಚಿತ್ರವನ್ನು ವೈ-ಫೈ ಮೂಲಕ ತಂತಿಯಿಲ್ಲದೆ ತೋರಿಸುವ (ಕಾಸ್ಟ್) ಪ್ರೊಜೆಕ್ಟರ್ ಆದರೆ ಆಗುತ್ತದೆ, ಆದರೆ ಹಳ್ಳಿಯ ನೆಟ್‌ವರ್ಕ್ ನಂಬಿ ಯೂಟ್ಯೂಬ್ ಪಾಠಕ್ಕೆ ನಿಲ್ಲಬೇಡಿ. ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಬರುವ ಪಾಠಗಳನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ. ಪೆನ್‌ಡ್ರೈವ್ ಹಾಕಿ ನೇರ ಓಡಿಸುತ್ತೇವೆ ಎನ್ನುವವರು ಅಂಗಡಿಯಲ್ಲೇ ತಮ್ಮ ಪೆನ್‌ಡ್ರೈವ್ ಹಾಕಿ ನೋಡಿ. ಕೆಲವು ಯಂತ್ರಗಳ ಯುಎಸ್‌ಬಿ ಪೋರ್ಟ್ ಫೋಟೊ ಮಾತ್ರ ತೋರಿಸುತ್ತದೆ.

ಎಚ್‌ಡಿಎಂಐ ಕೇಬಲ್ 10 ಮೀಟರ್‌ವರೆಗೆ ಒಳ್ಳೆಯದು ತಂದರೆ ಚಿಂತೆಯಿಲ್ಲ. ಅದಕ್ಕಿಂತ ಉದ್ದವಾದರೆ ಸಿಗ್ನಲ್ಲಿಗೆ ಬಲ ಕೊಡುವ ಆ್ಯಕ್ಟಿವ್ ಕೇಬಲ್ ಬೇಕಾಗಬಹುದು. ಪೈಪಿನೊಳಗೆ ಹಾಕಿಸಿ, ಇಲಿಗಳಿಗೆ ಕೇಬಲ್ ಇಷ್ಟ.

ಪಿಪಿಟಿಯಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಅಕ್ಷರ ಬರುತ್ತದೆ. ಪ್ರೊಜೆಕ್ಟರ್ ದೋಷವಾ?

ಪ್ರೊಜೆಕ್ಟರಿನದು ಏನೂ ತಪ್ಪಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದೀರಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಅಥವಾ ಪಿಡಿಎಫ್ ಮಾಡಿಕೊಂಡು ತನ್ನಿ. ಅಕ್ಷರದ ಗಾತ್ರ 28ಕ್ಕಿಂತ ಕಡಿಮೆ ಬೇಡ.

ಪ್ರೊಜೆಕ್ಟರ್ ಬಿಟ್ಟು ಸ್ಮಾರ್ಟ್ ಪ್ಯಾನೆಲ್ ಹಾಕಿಸಿದರೆ?

ಸ್ಮಾರ್ಟ್ ಪ್ಯಾನೆಲ್ ಎಂದರೆ ಮುಟ್ಟಿದರೆ ಕೆಲಸ ಮಾಡುವ ದೊಡ್ಡ ಟಿವಿಯಂಥದ್ದು. 75 ಇಂಚಿನ ಪ್ಯಾನೆಲ್ ಹಗಲಿನಲ್ಲೂ ಚೊಕ್ಕ ಕಾಣುತ್ತದೆ, ಮುಟ್ಟಿ ಬರೆಯಬಹುದು, ಫಿಲ್ಟರ್ ಗೋಜಿಲ್ಲ. ಆದರೆ ಅದರ ಎತ್ತರ ಬರೀ ಮೂರಡಿ ಚಿಲ್ಲರೆ. ಆರು ಪಟ್ಟಿನ ಲೆಕ್ಕ ಹಾಕಿದರೆ 18 ಅಡಿಯಾಚೆ ಕೂತವರಿಗೆ ಪಠ್ಯ ಓದಲು ಕಷ್ಟ. ಬೆಲೆ ಆರಂಕಿಗೆ ಹೋಗುತ್ತದೆ. ಗಾಜು ಒಡೆದರೆ ರಿಪೇರಿಗೆ ಹೆಚ್ಚುಕಡಿಮೆ ಹೊಸದರ ಖರ್ಚು. ಮೂವತ್ತು ಮಕ್ಕಳ, ಗಟ್ಟಿ ಬಾಗಿಲಿನ ಕೊಠಡಿಗೆ ಪ್ಯಾನೆಲ್ ಒಳ್ಳೆಯದು. ಅರವತ್ತು ಮಕ್ಕಳ ಉದ್ದ ಕೊಠಡಿಗೆ ಪ್ರೊಜೆಕ್ಟರೇ.

ಆರು ಕೊಠಡಿ, ಒಂದೇ ಪ್ರೊಜೆಕ್ಟರ್. ಹೊತ್ತುಕೊಂಡು ತಿರುಗಬಹುದಾ?

ತಿರುಗಿಸಿದರೆ ಬಳಕೆ ನಿಲ್ಲುತ್ತದೆ. 40 ನಿಮಿಷದಲ್ಲಿ ಹತ್ತು ನಿಮಿಷ ತಂತಿ ಜೋಡಿಸಲೇ ಹೋದರೆ ಯಾವ ಶಿಕ್ಷಕರೂ ಎರಡನೇ ವಾರ ಅದನ್ನು ಮುಟ್ಟುವುದಿಲ್ಲ. ಬಿಸಿ ಲ್ಯಾಂಪನ್ನು ಎತ್ತಿ ಅಲುಗಾಡಿಸಿದರೆ ಅದರ ಆಯುಷ್ಯವೂ ಹೋಗುತ್ತದೆ. ಒಂದು ಕೊಠಡಿಯಲ್ಲಿ ಕೂರಿಸಿ, ಮಕ್ಕಳೇ ಅಲ್ಲಿಗೆ ಬರಲಿ, ವೇಳಾಪಟ್ಟಿಯಲ್ಲಿ ಪಿರಿಯಡ್ ಹಂಚಿ. "ಕಳವಾಗುತ್ತದೆ" ಎಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ ಪ್ರೊಜೆಕ್ಟರ್‌ಗಳೇ ಹೆಚ್ಚು ವರ್ಷ ಬಾಳಿವೆ, ಒಂದು ಪಾಠವನ್ನೂ ಮಾಡದೆ. ಬೀಗವಿರುವ ಸ್ಟ್ಯಾಂಡ್ ಹಾಕಿಸಿ, ಸೀರಿಯಲ್ ನಂಬರ್ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಬರೆಯಿರಿ, ದೊಡ್ಡ ರಜೆಯಲ್ಲಿ ಮಾತ್ರ ಇಳಿಸಿ.

ಕೊಟೇಶನ್ ಕೇಳುವಾಗ ಏನೇನು ಬರೆಸಬೇಕು?

ಯಂತ್ರದ ಬೆಲೆ ಮಾತ್ರ ಹೋಲಿಸಬೇಡಿ. ಸ್ಟ್ಯಾಂಡ್, ಕೇಬಲ್, ಪೈಪು, ಪ್ಲಗ್ ಪಾಯಿಂಟ್, ಯುಪಿಎಸ್, ಸ್ಪೀಕರ್, ಕೂರಿಸುವ ಕೂಲಿ ಎಲ್ಲ ಸೇರಿಸಿ ಒಂದೇ ಮೊತ್ತ ಕೇಳಿ. ಒಟ್ಟು ಹಣದಲ್ಲಿ ಕಾಲು ಭಾಗವನ್ನಾದರೂ ಇವಕ್ಕೆ ಎತ್ತಿಡಿ. 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಅದಕ್ಕಿಂತ ಹಳೆಯ ಕೊಟೇಶನ್ ಇದ್ದರೆ ಹರಿದು ಹಾಕಿ ಹೊಸದು ತರಿಸಿ.

ವಾರಂಟಿಯಲ್ಲಿ ಎರಡು ಸಾಲು ಇರುತ್ತದೆ, ಯಂತ್ರಕ್ಕೆ ಒಂದು, ಲ್ಯಾಂಪಿಗೆ ಒಂದು. ಲ್ಯಾಂಪಿನದು ಕಡಿಮೆ ಅವಧಿಯದು, ತಿಂಗಳು ಅಥವಾ ಗಂಟೆ, ಯಾವುದು ಮೊದಲೋ ಅದು. ಸರ್ವಿಸ್‌ನವರು ಶಾಲೆಗೇ ಬರುತ್ತಾರೋ, ನಾವೇ ಒಯ್ಯಬೇಕೋ? ಒಯ್ಯಬೇಕೆಂದರೆ ಎಲ್ಲಿಗೆ? ವಿಜಯಪುರದಿಂದ ಹುಬ್ಬಳ್ಳಿ ಎಂದರೆ ಸುಮಾರು 200 ಕಿಲೋಮೀಟರ್, ಶಿಕ್ಷಕರೊಬ್ಬರ ಒಂದು ದಿನ ಹೋಯಿತು. ಇದನ್ನು ಬರಹದಲ್ಲಿ ತಗೊಳ್ಳಿ. ಇನ್ನೊಂದು ಷರತ್ತು ಹಾಕಿ: ಹಣ ಕೊಡುವ ಮುಂಚೆ ನಮ್ಮ ಕೊಠಡಿಯಲ್ಲಿ, ಮಧ್ಯಾಹ್ನ, ಕಿಟಕಿ ತೆರೆದು ತೋರಿಸಬೇಕು. ಒಪ್ಪದವರ ಯಂತ್ರದ ಬಗ್ಗೆ ಬೇರೆ ಕೇಳುವುದೇನೂ ಉಳಿಯುವುದಿಲ್ಲ.

ಕಾರ್ಖಾನೆಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೇಳುವ ಎಸ್‌ಡಿಎಂಸಿಯವರು (ಶಾಲಾ ಅಭಿವೃದ್ಧಿ ಸಮಿತಿಯವರು) ಐದು ವರ್ಷದ ನಿರ್ವಹಣೆಯನ್ನೂ ಅರ್ಜಿಯಲ್ಲೇ ಸೇರಿಸಿ. ಉದ್ಘಾಟನೆ ಮುಗಿದ ಮೇಲೆ ಲ್ಯಾಂಪಿಗೆಂದು ಮತ್ತೆ ಹೋಗಿ ಕೇಳುವುದು ಕಷ್ಟ.

ನಮ್ಮದು ಖಾನಾಪುರ. ಇಲ್ಲಿ ಧೂಳಲ್ಲ, ಮಳೆ.

ಕಣಕುಂಬಿ ಕಡೆಯ ಮಳೆಗಾಲದಲ್ಲಿ ಶತ್ರು ತೇವ. ತಿಂಗಳುಗಟ್ಟಲೆ ಬಳಸದೆ ಬಿಟ್ಟರೆ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ, ಅದು ಒರೆಸಿದರೆ ಹೋಗುವುದಲ್ಲ. ಪಾಠ ಇರಲಿ ಬಿಡಲಿ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಇಳಿಸಿಟ್ಟರೆ ಚೀಲದಲ್ಲಿ ಸಿಲಿಕಾ ಜೆಲ್ ಹಾಕಿ. ಹಂಚಿನ ಮಾಡಿನ ಕೊಠಡಿಯಾದರೆ ಸೋರುವ ಹಂಚು ಯಾವುದೆಂದು ಜೂನ್ ಮೊದಲ ಮಳೆಯಲ್ಲೇ ನೋಡಿ, ಯಂತ್ರದ ಜಾಗ ಆಮೇಲೆ ಗುರುತು ಮಾಡಿ. ಮೋಡ ಕವಿದ ಕೊಠಡಿಯಲ್ಲಿ ಬೆಳಕು ಕಡಿಮೆ, ಆದ್ದರಿಂದ ನಿಮಗೆ 3,000 ಲ್ಯುಮೆನ್ ಆದರೂ ನಡೆದೀತು.

ಸುಟ್ಟ ಲ್ಯಾಂಪ್ ಏನು ಮಾಡುವುದು?

ಅದರಲ್ಲಿ ಪಾದರಸ ಇರುತ್ತದೆ. ಕಸದ ಬುಟ್ಟಿಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಬೇಡಿ, ವಿಜ್ಞಾನ ಪ್ರಯೋಗಾಲಯದಲ್ಲಿ ಮಾದರಿ ಎಂದು ಇಡುವುದೂ ಬೇಡ. ಓಡುತ್ತಿರುವಾಗಲೇ ಪಟ್ ಎಂದು ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ಪೂರ್ತಿ ತೆರೆದು, ಪ್ಲಗ್ ತೆಗೆದು, ಗಾಳಿ ಆಡಿದ ಮೇಲೆ ಒಳಗೆ ಹೋಗಿ. ಹೊಸ ಲ್ಯಾಂಪ್ ತರುವಾಗ ಹಳೆಯದನ್ನು ಮೂಲ ಡಬ್ಬಿಯಲ್ಲೇ ಇಟ್ಟು ಸರ್ವಿಸ್ ಸೆಂಟರಿಗೆ ವಾಪಸ್ ಕೊಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಸಾಮಾನಿನ ವಿಲೇವಾರಿಯ ಹೊಣೆ ತಯಾರಕರ ಮೇಲೂ ಇದೆ. ಹೊಸ ಲ್ಯಾಂಪ್ ಹಾಕಿದ ಮೇಲೆ ಮೆನುವಿನಲ್ಲಿ 'ಲ್ಯಾಂಪ್ ಅವರ್ಸ್' ಸೊನ್ನೆ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೊಸ ಲ್ಯಾಂಪಿದ್ದರೂ ಕೆಂಪು ದೀಪ ಮಿಣುಕುತ್ತಲೇ ಇರುತ್ತದೆ.